ಸೈನಿಕರ ಪಿಂಚಣಿಗೆ ತೆರಿಗೆ: ಹಣವನ್ನು ಮೊದಲು ಬಿಡಿಸಿ ನೋಡಿ

ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಕಾಲ ಬಂತೆಂದರೆ ಮಾಜಿ ಸೈನಿಕರ ನಡುವೆ ಎರಡು ಮಾತು ಓಡಾಡತೊಡಗುತ್ತವೆ. ‘ಫೌಜಿಯ ಪಿಂಚಣಿಗೆ ತೆರಿಗೆಯೇ ಇಲ್ಲ, ಸುಮ್ಮನೆ ಕಟ್ಟಬೇಡಿ’ ಎಂಬುದು ಒಂದು. ‘ಪಿಂಚಣಿ ಎಂದರೂ ಸಂಬಳವೇ, ಬಂದ ಪ್ರತಿ ರೂಪಾಯಿಗೂ ತೆರಿಗೆ’ ಎಂಬುದು ಇನ್ನೊಂದು. ಮೊದಲನೆಯದನ್ನು ನಂಬಿದವರ ಮನೆಗೆ ವರ್ಷ ಕಳೆದ ಮೇಲೆ ನೋಟಿಸು ಬರುತ್ತದೆ. ಎರಡನೆಯದನ್ನು ನಂಬಿದವರು, ಅದರಲ್ಲೂ ಗಾಯಗೊಂಡು ಸೇನೆಯಿಂದ ಹೊರಬಂದವರು ಮತ್ತು ಹುತಾತ್ಮರ ಪತ್ನಿಯರು, ಕಟ್ಟಬೇಕಿಲ್ಲದ ತೆರಿಗೆಯನ್ನು ವರ್ಷಗಟ್ಟಲೆ ಕಟ್ಟುತ್ತಾರೆ. ಎರಡೂ ತಪ್ಪುಗಳ ಬೇರು ಒಂದೇ. ತಿಂಗಳ ಕೊನೆಗೆ ಖಾತೆಗೆ ಒಟ್ಟಾಗಿ ಬೀಳುವ ಮೊತ್ತವನ್ನು ಒಂದೇ ಹಣ ಎಂದು ಭಾವಿಸುವುದು. ಕಾನೂನು ಹಾಗೆ ನೋಡುವುದಿಲ್ಲ. ಪಡೆಯುವವರು ಸೈನಿಕರೋ ಅಲ್ಲವೋ ಎಂಬುದಕ್ಕಿಂತ, ಈ ಹಣವನ್ನು ಯಾವ ಕಾರಣಕ್ಕೆ ಕೊಡಲಾಯಿತು ಎಂದು ಅದು ಮೊದಲು ಕೇಳುತ್ತದೆ. ದುಡಿದದ್ದಕ್ಕೆ ಕೊಟ್ಟದ್ದಕ್ಕೆ ತೆರಿಗೆ ಇದೆ. ದೇಹಕ್ಕಾದ ನಷ್ಟಕ್ಕೆ, ಪ್ರಾಣಕ್ಕೆ, ಶೌರ್ಯಕ್ಕೆ ಕೊಟ್ಟದ್ದಕ್ಕೆ ಬಹುಮಟ್ಟಿಗೆ ಇಲ್ಲ. ಈ ಒಂದು ಭೇದ ತಿಳಿದರೆ ಉಳಿದ ಲೆಕ್ಕ ಕಷ್ಟವಲ್ಲ.

ಯಾವ ರಾಜ್ಯದಲ್ಲಿ ನೆಲೆಸಿದ್ದೀರಿ ಎಂಬುದು ಈ ಲೆಕ್ಕಕ್ಕೆ ಸೇರುವುದಿಲ್ಲ. ಅಮೆರಿಕದಲ್ಲಿ ಅದು ದೊಡ್ಡ ವಿಷಯ. ಅಲ್ಲಿ ಕೇಂದ್ರದ ಜೊತೆಗೆ ಬಹುತೇಕ ರಾಜ್ಯಗಳೂ ಆದಾಯ ತೆರಿಗೆ ಹಾಕುತ್ತವೆ, ಟೆಕ್ಸಾಸ್, ಫ್ಲಾರಿಡಾದಂಥವು ಹಾಕುವುದಿಲ್ಲ. ಹಾಗಾಗಿ ನಿವೃತ್ತ ಯೋಧರು ಊರು ಆರಿಸುವಾಗಲೇ ತೆರಿಗೆಯನ್ನೂ ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ ಕೃಷಿಯೇತರ ಆದಾಯದ ಮೇಲಿನ ತೆರಿಗೆ ಸಂವಿಧಾನದ ಏಳನೇ ಅನುಸೂಚಿಯಂತೆ ಕೇಂದ್ರಕ್ಕೆ ಮಾತ್ರ ಸೇರಿದ್ದು. ರಾಜ್ಯಗಳ ಕೈಯಲ್ಲಿರುವ ವೃತ್ತಿ ತೆರಿಗೆ ವರ್ಷಕ್ಕೆ ₹2,500 ಮೀರುವಂತಿಲ್ಲ. ಅದೂ ಮಾಡುತ್ತಿರುವ ಕೆಲಸದ ಮೇಲಿನದೇ ಹೊರತು ಪಿಂಚಣಿಯ ಮೇಲಿನದಲ್ಲ. ಬೆಳಗಾವಿಯಲ್ಲಿದ್ದರೂ ಡೆಹ್ರಾಡೂನಿನಲ್ಲಿದ್ದರೂ ಪಿಂಚಣಿಯ ಲೆಕ್ಕ ಒಂದೇ. ಇಲ್ಲಿ ಹೇಳುವ ದರ, ಮಿತಿಗಳೆಲ್ಲ 2025–26ನೇ ಹಣಕಾಸು ವರ್ಷದ ಆದಾಯಕ್ಕೆ, 1961ರ ಕಾಯ್ದೆಯ ಪ್ರಕಾರ. 2026ರ ಏಪ್ರಿಲ್ 1ರಿಂದ ಬರುವ ಆದಾಯಕ್ಕೆ 2025ರ ಹೊಸ ಕಾಯ್ದೆ ಅನ್ವಯಿಸುತ್ತದೆ, ಅಲ್ಲಿ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ.

ದುಡಿಮೆಯ ಪಾಲು

ಸೇವಾ ಪಿಂಚಣಿ, ಅಂದರೆ ನೀವು ಸೇವೆ ಸಲ್ಲಿಸಿದ ವರ್ಷಗಳಿಗಾಗಿ ಬರುವ ಮಾಸಿಕ ಪಿಂಚಣಿ, ಕಾನೂನಿನ ಕಣ್ಣಿಗೆ ಸಂಬಳವೇ. ಅದರ ಮೇಲಿನ ತುಟ್ಟಿ ಪರಿಹಾರವೂ (ಡಿ.ಆರ್.) ಹಾಗೆಯೇ. ಸಂಬಳ ಎಂದು ಪರಿಗಣಿಸುವುದರಿಂದ ಒಂದು ಲಾಭವೂ ಇದೆ: ಸ್ಟ್ಯಾಂಡರ್ಡ್ ಡಿಡಕ್ಷನ್. ಹೊಸ ತೆರಿಗೆ ಪದ್ಧತಿಯಲ್ಲಿ ₹75,000, ಹಳೆಯದರಲ್ಲಿ ₹50,000, ಯಾವ ರಸೀದಿಯನ್ನೂ ತೋರಿಸದೆ ಕಳೆಯಬಹುದು. ಹೊಸ ಪದ್ಧತಿಯಲ್ಲಿ ತೆರಿಗೆಗೆ ಒಳಪಡುವ ಆದಾಯ ₹12 ಲಕ್ಷದವರೆಗಿದ್ದರೆ ₹60,000ದವರೆಗಿನ ರಿಬೇಟ್ ಸಿಗುತ್ತದೆ. ಆದ್ದರಿಂದ ಬೇರೆ ಆದಾಯವೇನೂ ಇಲ್ಲದವರಿಗೆ ವರ್ಷಕ್ಕೆ ₹12.75 ಲಕ್ಷದವರೆಗಿನ ಪಿಂಚಣಿಗೆ ತೆರಿಗೆ ಬೀಳುವುದಿಲ್ಲ. ಸಿಪಾಯಿ, ನಾಯಕ್, ಹವಾಲ್ದಾರರಾಗಿ ನಿವೃತ್ತರಾದ ಬಹುಪಾಲು ಮಂದಿ ಕೇವಲ ಪಿಂಚಣಿಯ ಮೇಲೆ ತೆರಿಗೆ ಕಟ್ಟದಿರುವುದಕ್ಕೆ ನಿಜವಾದ ಕಾರಣ ಇದು. ‘ಫೌಜಿಗೆ ತೆರಿಗೆ ಇಲ್ಲ’ ಎಂಬ ಮಾತು ಹುಟ್ಟಿದ್ದೂ ಬಹುಶಃ ಇಂಥ ಅನುಭವದಿಂದಲೇ. ಆದರೆ ಮಿತಿಯೊಳಗಿದ್ದೇವೆ ಎಂಬುದಕ್ಕೂ ವಿನಾಯಿತಿ ಇದೆ ಎಂಬುದಕ್ಕೂ ಬಹಳ ಅಂತರವಿದೆ. ಜೊತೆಗೆ ಇನ್ನೊಂದು ಆದಾಯ ಸೇರಿದ ದಿನ ಆ ಅಂತರ ಬಯಲಾಗುತ್ತದೆ.

ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ಇಡಿಗಂಟಾಗಿ ಪಡೆಯುವ ಕಮ್ಯುಟೇಶನ್ ವಿಚಾರದಲ್ಲಿ ಕಾಯ್ದೆ ಉದಾರವಾಗಿದೆ. ರಕ್ಷಣಾ ಪಡೆಗಳವರು ಪಿಂಚಣಿಯ ಅರ್ಧದವರೆಗೆ ಕಮ್ಯುಟ್ ಮಾಡಬಹುದು, ಆ ಇಡಿಗಂಟಿಗೆ ಪೂರ್ಣ ವಿನಾಯಿತಿ. ನಿವೃತ್ತಿಯಾಗುವಾಗ ಬರುವ ಗ್ರ್ಯಾಚ್ಯುಟಿ, ಗಳಿಕೆ ರಜೆಯ ನಗದು, ಡಿಎಸ್‌ಒಪಿ ಅಥವಾ ಎಎಫ್‌ಪಿಪಿ ಭವಿಷ್ಯ ನಿಧಿಯ ಹಣಕ್ಕೂ ತೆರಿಗೆಯಿಲ್ಲ. ಜನ ಎಡವುವುದು ಇಡಿಗಂಟಿನಲ್ಲಲ್ಲ, ಆಮೇಲಿನ ಮಾಸಿಕ ಲೆಕ್ಕದಲ್ಲಿ. ಒಂದು ಪಿಂಚಣಿ ಚೀಟಿಯನ್ನು ಹತ್ತಿರದಿಂದ ನೋಡೋಣ. ಮೂಲ ಪಿಂಚಣಿ ₹24,000. ಅರ್ಧ ಕಮ್ಯುಟ್ ಮಾಡಿದ್ದರಿಂದ ₹12,000 ಕಡಿತ. ತುಟ್ಟಿ ಪರಿಹಾರ ಮಾತ್ರ ಕಡಿತಕ್ಕೆ ಮೊದಲಿನ ಪೂರ್ತಿ ₹24,000ರ ಮೇಲೆಯೇ ಸಿಗುತ್ತದೆ. 2025ರ ಜುಲೈನ ಶೇ. 58ರ ದರದಲ್ಲಿ ಅದು ₹13,920. ಕೈಗೆ ಬರುವುದು ₹25,920, ತೆರಿಗೆಗೆ ಲೆಕ್ಕ ಕೊಡಬೇಕಾದದ್ದೂ ಇಷ್ಟೇ. ಚೀಟಿಯ ಮೇಲಿನ ಎರಡು ಸಾಲುಗಳನ್ನು ಮಾತ್ರ ಕೂಡಿ ತಿಂಗಳಿಗೆ ₹37,920 ಎಂದು ಬರೆದವರು ವರ್ಷಕ್ಕೆ ₹1,44,000 ಇಲ್ಲದ ಆದಾಯವನ್ನು ತೋರಿಸಿದಂತಾಯಿತು. ಹದಿನೈದು ವರ್ಷದ ನಂತರ ಕಮ್ಯುಟ್ ಮಾಡಿದ ಭಾಗ ಮರಳಿ ಪಿಂಚಣಿಗೆ ಸೇರುತ್ತದೆ. ಆಗಿನಿಂದ ಆ ₹12,000ಕ್ಕೂ ತೆರಿಗೆಯ ಲೆಕ್ಕವಿದೆ.

ಗಾಯ, ಶೌರ್ಯ, ಪ್ರಾಣ

ಅಂಗವೈಕಲ್ಯ ಪಿಂಚಣಿಗೆ ವಿನಾಯಿತಿ ನೀಡುವ ಕ್ರಮ ಬ್ರಿಟಿಷರ ಕಾಲದ 1922ರ ಅಧಿಸೂಚನೆಯಿಂದಲೇ ಬಂದದ್ದು. 2001ರ ಜುಲೈನಲ್ಲಿ ನೇರ ತೆರಿಗೆಗಳ ಕೇಂದ್ರ ಮಂಡಳಿ ತನ್ನ ಎರಡನೇ ಸೂಚನೆಯಲ್ಲಿ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು: ಅಂಗವೈಕಲ್ಯದ ಅಂಶಕ್ಕಷ್ಟೇ ಅಲ್ಲ, ಅದರ ಜೊತೆಗೆ ಬರುವ ಸೇವಾ ಅಂಶಕ್ಕೂ ವಿನಾಯಿತಿ ಇದೆ. ಆದರೆ 2019ರ ಜೂನ್ 24ರಂದು ಹೊರಟ 13ನೇ ಸುತ್ತೋಲೆ ಗೆರೆಯೊಂದನ್ನು ಎಳೆಯಿತು. ಸೇವೆಯಿಂದ ಉಂಟಾದ ಅಥವಾ ಸೇವೆಯಿಂದ ಉಲ್ಬಣಗೊಂಡ ಅಂಗವೈಕಲ್ಯದ ಕಾರಣಕ್ಕೇ ಸೇನೆಯಿಂದ ಬಿಡುಗಡೆಯಾದವರಿಗೆ ಮಾತ್ರ ವಿನಾಯಿತಿ, ವಯೋಮಿತಿ ಮುಗಿಸಿ ಅಥವಾ ಬೇರೆ ರೀತಿಯಲ್ಲಿ ನಿವೃತ್ತರಾದವರಿಗಿಲ್ಲ ಎಂದಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಅದೇ ವರ್ಷ ಯಥಾಸ್ಥಿತಿ ಕಾಯ್ದುಕೊಳ್ಳುವ ಆದೇಶ ಬಂತು. ಈ ಗೆರೆಯ ಪರವಾಗಿರುವವರ ವಾದ ಬಲಹೀನವಲ್ಲ: ಪೂರ್ತಿ ಸೇವೆ ಮುಗಿಸಿದವರ ಸಂಪಾದನೆ ನಿಂತುಹೋಗಲಿಲ್ಲ, ಬಡ್ತಿಯೂ ಸಂಬಳವೂ ಸಿಕ್ಕಿವೆ, ಹಾಗಾಗಿ ನಡುದಾರಿಯಲ್ಲಿ ಮನೆಗೆ ಬಂದವರ ನಷ್ಟಕ್ಕೆ ಇವರದು ಸಮವಲ್ಲ ಎಂಬುದು ಅವರ ನಿಲುವು. ನನಗೆ ಇದು ಅರ್ಧ ಸತ್ಯವೆಂದೇ ತೋರುತ್ತದೆ. ಸೇವಾ ಅಂಶದ ಮಟ್ಟಿಗೆ ಆ ವಾದ ನಿಲ್ಲಬಹುದು, ಏಕೆಂದರೆ ಅದು ದುಡಿಮೆಯ ಪಾಲು. ಅಂಗವೈಕಲ್ಯದ ಅಂಶ ಹಾಗಲ್ಲ, ಅದನ್ನು ಕೊಡುವುದು ದೇಹಕ್ಕಾದ ನಷ್ಟಕ್ಕೆ. ಸ್ಫೋಟದಲ್ಲಿ ಕಾಲು ಕಳೆದುಕೊಂಡೂ ಕಚೇರಿ ಕೆಲಸದಲ್ಲಿ ಉಳಿದು ಸೇವೆ ಮುಗಿಸಿದ ಹವಾಲ್ದಾರರ ಕಾಲು, ನಿವೃತ್ತಿ ಪತ್ರದಲ್ಲಿ ಯಾವ ಪದ ಬರೆದರೂ ಮರಳಿ ಬರುವುದಿಲ್ಲ. ಸೇನೆಯಲ್ಲಿ ಉಳಿದುದಕ್ಕೇ ಅವರು ತೆರಿಗೆ ಕಟ್ಟಬೇಕೆನ್ನುವುದು ವಿನಾಯಿತಿಯ ಮೂಲ ಉದ್ದೇಶಕ್ಕೇ ವಿರುದ್ಧ. ಆದರೆ ನನ್ನ ಅಭಿಪ್ರಾಯ ರಿಟರ್ನಿನಲ್ಲಿ ತುಂಬುವ ಅಂಕಿಯಲ್ಲ. ವೈದ್ಯಕೀಯ ಕಾರಣಕ್ಕೆ ಬಿಡುಗಡೆಯಾದವರು ನಿಶ್ಚಿಂತೆಯಿಂದ ವಿನಾಯಿತಿ ಪಡೆಯಬಹುದು. ಪೂರ್ಣ ಸೇವೆ ಮುಗಿಸಿ ಅಂಗವೈಕಲ್ಯದ ಅಂಶ ಪಡೆಯುತ್ತಿರುವವರು ಆಯಾ ವರ್ಷದ ನಿಯಮವನ್ನು ತೆರಿಗೆ ಸಲಹೆಗಾರರಲ್ಲಿ ಖಚಿತಪಡಿಸಿಕೊಂಡೇ ರಿಟರ್ನ್ ತುಂಬಬೇಕು, ಕಳೆದ ವರ್ಷ ನಡೆದದ್ದು ಈ ವರ್ಷವೂ ನಡೆಯುತ್ತದೆ ಎಂದುಕೊಳ್ಳಬಾರದು.

ಶೌರ್ಯ ಪದಕ ಪಡೆದವರ ವಿಷಯ ಇಷ್ಟು ಜಟಿಲವಲ್ಲ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ ಪುರಸ್ಕೃತರ ಪಿಂಚಣಿಗೆ ಪೂರ್ಣ ವಿನಾಯಿತಿ. ಪದಕಕ್ಕೆ ಬರುವ ಭತ್ಯೆಗಷ್ಟೇ ಅಲ್ಲ, ಇಡೀ ಪಿಂಚಣಿಗೆ. ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರಗಳೂ ಅಧಿಸೂಚಿತ ಪಟ್ಟಿಯಲ್ಲಿವೆ. ಸೇನಾ ಪದಕಕ್ಕೆ ಮಾತ್ರ ಒಂದು ಷರತ್ತು: ಅದು ಶೌರ್ಯಕ್ಕೆ ಬಂದದ್ದೆಂದು ಸೇನಾ ಮುಖ್ಯಾಲಯದ ಪ್ರಮಾಣಪತ್ರ ಬೇಕು, ವಿಶಿಷ್ಟ ಸೇವೆಗೆ ಬಂದ ಸೇನಾ ಪದಕ ಇದಕ್ಕೆ ಸೇರದು. ಪುರಸ್ಕೃತರು ತೀರಿಹೋದ ಮೇಲೆ ಬರುವ ಕುಟುಂಬ ಪಿಂಚಣಿಗೂ ಈ ವಿನಾಯಿತಿ ಮುಂದುವರಿಯುತ್ತದೆ.

ಕುಟುಂಬ ಪಿಂಚಣಿಯನ್ನು ಎರಡಾಗಿ ನೋಡಬೇಕು. ಕಾರ್ಯಾಚರಣೆಯ ಕರ್ತವ್ಯದಲ್ಲಿ ಮಡಿದವರ ಪತ್ನಿ, ಮಕ್ಕಳು, ನಾಮನಿರ್ದೇಶಿತ ವಾರಸುದಾರರಿಗೆ ಬರುವ ಕುಟುಂಬ ಪಿಂಚಣಿಗೆ ತೆರಿಗೆಯಿಲ್ಲ. ಯುದ್ಧ, ಗಡಿ ಚಕಮಕಿ, ಭಯೋತ್ಪಾದಕರ ದಾಳಿ ಮಾತ್ರವಲ್ಲ, ನೆಲಬಾಂಬ್ ಹಾಕುವ ಮತ್ತು ತೆಗೆಯುವ ಕೆಲಸ, ವಿದೇಶದಲ್ಲಿ ಶಾಂತಿಪಾಲನೆ, ನೆರೆ, ಭೂಕಂಪದಂಥ ವಿಪತ್ತಿನ ರಕ್ಷಣಾ ಕಾರ್ಯದಲ್ಲಿ ಆದ ಸಾವೂ ಇದರಲ್ಲಿ ಸೇರುತ್ತದೆ. ಈ ಕೊನೆಯವು ಸೇರುತ್ತವೆ ಎಂಬುದೇ ಎಷ್ಟೋ ಕುಟುಂಬಗಳಿಗೆ ಗೊತ್ತಿರುವುದಿಲ್ಲ. ನಿವೃತ್ತಿಯ ನಂತರ ಅಥವಾ ಸಾಮಾನ್ಯ ಕಾಯಿಲೆಯಿಂದ ತೀರಿಕೊಂಡವರ ಮನೆಯವರಿಗೆ ಬರುವ ಪಿಂಚಣಿಗೆ ಈ ವಿನಾಯಿತಿ ಇಲ್ಲ. ಅದು ಸಂಬಳವೂ ಅಲ್ಲ, ‘ಇತರ ಮೂಲಗಳ ಆದಾಯ’. ಹಾಗಾಗಿ ₹75,000ದ ಕಡಿತ ಸಿಗದು. ಪಿಂಚಣಿಯ ಮೂರನೇ ಒಂದು ಭಾಗ ಅಥವಾ ₹25,000, ಇವೆರಡರಲ್ಲಿ ಕಡಿಮೆಯಾದದ್ದನ್ನು ಹೊಸ ಪದ್ಧತಿಯಲ್ಲಿ ಕಳೆಯಬಹುದು. ಹಳೆಯದರಲ್ಲಿ ಆ ಮಿತಿ ₹15,000. ಕುಟುಂಬ ಪಿಂಚಣಿಗೆ ಸಾಮಾನ್ಯವಾಗಿ ಟಿಡಿಎಸ್ ಕಡಿಯುವುದಿಲ್ಲ. ಕಡಿದಿಲ್ಲ ಎಂದರೆ ತೆರಿಗೆ ಇಲ್ಲ ಎಂದು ಅರ್ಥವಲ್ಲ.

ಪ್ರಾಣವನ್ನೇ ಪಣಕ್ಕಿಟ್ಟು ದುಡಿದವರ ಸೇವಾ ಪಿಂಚಣಿಗೂ ತೆರಿಗೆ ಯಾಕೆ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ಸಂಸತ್ತಿನ ಮುಂದೆ ಇಡಬೇಕಾದ ನ್ಯಾಯವಾದ ಪ್ರಶ್ನೆ ಅದು, ಹಾಗೆ ಇಟ್ಟವರ ಜೊತೆ ನನಗೆ ಜಗಳವಿಲ್ಲ. ಆದರೆ ಇಂದಿನ ಕಾನೂನು ಆ ಗೌರವವನ್ನು ಬೇರೆ ರೀತಿ ಹಂಚಿದೆ. ಎಲ್ಲರ ಪಿಂಚಣಿಗೂ ರಿಯಾಯಿತಿ ಕೊಟ್ಟರೆ ಹೆಚ್ಚು ಲಾಭ ಹೆಚ್ಚು ಪಿಂಚಣಿಯ ಹಿರಿಯ ಅಧಿಕಾರಿಗಳಿಗೆ. ಮಿತಿಯೊಳಗಿರುವ ಸಿಪಾಯಿಗೆ ಅದರಿಂದ ಹೊಸದಾಗಿ ಸಿಗುವುದು ಅತ್ಯಲ್ಪ. ಗಾಯಕ್ಕೆ, ಶೌರ್ಯಕ್ಕೆ, ಬಲಿದಾನಕ್ಕೆ ಪೂರ್ಣ ವಿನಾಯಿತಿ ಕೊಟ್ಟಾಗ ಅದು ಸಲ್ಲಬೇಕಾದವರಿಗೇ ಸಲ್ಲುತ್ತದೆ.

ಜೊತೆಗೆ ಇನ್ನೊಂದು ಆದಾಯ ಬಂದಾಗ

ಸೈನಿಕರ ನಿವೃತ್ತಿ ಬೇರೆಯವರದರಂತಲ್ಲ. ಸಿಪಾಯಿಯಾಗಿ ಸೇರಿದವರು ನಲವತ್ತರ ಆಸುಪಾಸಿಗೆ ಮನೆಗೆ ಬರುತ್ತಾರೆ, ಬ್ಯಾಂಕು, ಸರ್ಕಾರಿ ಕಚೇರಿ, ಭದ್ರತಾ ಸಂಸ್ಥೆಗಳಲ್ಲಿ ಎರಡನೇ ನೌಕರಿ ಹಿಡಿಯುತ್ತಾರೆ. ನಿಜವಾದ ತೊಂದರೆ ಶುರುವಾಗುವುದು ಇಲ್ಲಿ. ಪಿಂಚಣಿ ವರ್ಷಕ್ಕೆ ₹4.8 ಲಕ್ಷ, ಬ್ಯಾಂಕಿನ ಸಂಬಳ ₹9.6 ಲಕ್ಷ ಎಂದುಕೊಳ್ಳಿ. ಪಿಂಚಣಿ ಕೊಡುವ ಕಚೇರಿ ತನ್ನ ಲೆಕ್ಕದಲ್ಲಿ ತೆರಿಗೆ ಸೊನ್ನೆ ಎನ್ನುತ್ತದೆ. ಬ್ಯಾಂಕೂ ತನ್ನ ಲೆಕ್ಕದಲ್ಲಿ ಸೊನ್ನೆ ಎನ್ನುತ್ತದೆ. ಎರಡೂ ಬೇರೆಬೇರೆಯಾಗಿ ಸರಿಯೇ. ರಿಟರ್ನಿನಲ್ಲಿ ಮಾತ್ರ ಇವು ಒಂದಾಗುತ್ತವೆ: ₹14.4 ಲಕ್ಷದಲ್ಲಿ ₹75,000 ಒಂದೇ ಸಲ ಕಳೆದು ₹13.65 ಲಕ್ಷ. ಹೊಸ ಪದ್ಧತಿಯ ತೆರಿಗೆ ₹84,750, ಶೇ. 4ರ ಸೆಸ್ ಸೇರಿ ₹88,140. ಜುಲೈನಲ್ಲಿ ಇಷ್ಟು ಹಣವನ್ನು ಒಂದೇ ಸಲ ಕಟ್ಟಬೇಕಾಗುತ್ತದೆ, ಮುಂಗಡ ತೆರಿಗೆ ಕಟ್ಟದ್ದಕ್ಕೆ ಬಡ್ಡಿ ಬೇರೆ. ಅರವತ್ತು ದಾಟಿದ, ವ್ಯಾಪಾರದ ಆದಾಯವಿಲ್ಲದವರಿಗೆ ಮುಂಗಡ ತೆರಿಗೆಯ ಕಟ್ಟುಪಾಡಿಲ್ಲ. ನಲವತ್ತೈದರ ಮಾಜಿ ಸೈನಿಕರಿಗೆ ಆ ಅನುಕೂಲ ಇನ್ನೂ ದೂರ. ಪರಿಹಾರ ಸುಲಭ: ವರ್ಷದ ಆರಂಭದಲ್ಲೇ ಪಿಂಚಣಿಯ ವಿವರವನ್ನು ಫಾರ್ಮ್ 12ಬಿ ಮೂಲಕ ಈಗಿನ ಉದ್ಯೋಗದಾತರಿಗೆ ಕೊಡಿ. ಅವರು ಎರಡನ್ನೂ ಕೂಡಿ ತಿಂಗಳು ತಿಂಗಳು ಕಡಿಯುತ್ತಾರೆ.

ಕೊಡಗಿನಲ್ಲಿ ಎರಡನೇ ಆದಾಯ ಎಂದರೆ ಹೆಚ್ಚಾಗಿ ತೋಟ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ ಎಂಬುದು ಸರಿ. ಆದರೆ ಅದು ₹5,000 ಮೀರಿದ್ದು, ಉಳಿದ ಆದಾಯವೂ ತೆರಿಗೆಯ ಕನಿಷ್ಠ ಮಿತಿಯನ್ನು ದಾಟಿದ್ದರೆ, ಪಿಂಚಣಿಗೆ ಎಷ್ಟು ದರ ಎಂದು ನಿರ್ಧರಿಸಲು ಕೃಷಿ ಆದಾಯವನ್ನೂ ಕೂಡಿ ನೋಡಲಾಗುತ್ತದೆ. ಕಡಿತಗಳೆಲ್ಲ ಮುಗಿದ ಮೇಲೆ ಪಿಂಚಣಿ ₹10 ಲಕ್ಷ, ಕಾಫಿ, ಕರಿಮೆಣಸಿನ ನಿವ್ವಳ ಕೃಷಿ ಆದಾಯ ₹10 ಲಕ್ಷ ಇರುವ ಅಧಿಕಾರಿಯೊಬ್ಬರ ಲೆಕ್ಕ ಹೀಗೆ: ₹20 ಲಕ್ಷದ ಮೇಲಿನ ತೆರಿಗೆ ₹2 ಲಕ್ಷ. ಕೃಷಿ ಆದಾಯಕ್ಕೆ ಕನಿಷ್ಠ ಮಿತಿಯ ₹4 ಲಕ್ಷ ಸೇರಿಸಿದರೆ ₹14 ಲಕ್ಷ, ಅದರ ಮೇಲಿನ ತೆರಿಗೆ ₹90,000. ಎರಡರ ವ್ಯತ್ಯಾಸ ₹1,10,000, ಅದರಲ್ಲಿ ರಿಬೇಟ್ ₹60,000 ಕಳೆದು ₹50,000, ಸೆಸ್ ಸೇರಿ ₹52,000. ‘ಹನ್ನೆರಡು ಲಕ್ಷದವರೆಗೆ ಸೊನ್ನೆ’ ಎಂದು ನಂಬಿಕೊಂಡು ಕುಳಿತವರಿಗೆ ಇದು ಅನಿರೀಕ್ಷಿತ. ಕಾಫಿಯನ್ನು ಹಣ್ಣಾಗಿಯೇ ಮಾರದೆ ತಾವೇ ಕ್ಯೂರಿಂಗ್ ಮಾಡಿ ಮಾರಿದರೆ ಆ ಆದಾಯದ ಶೇ. 25 ಭಾಗ ವ್ಯಾಪಾರದ ಆದಾಯವಾಗುತ್ತದೆ ಎಂಬುದನ್ನೂ ಮರೆಯಬೇಡಿ.

ರಿಟರ್ನ್ ತುಂಬುವ ಮುನ್ನ

1. ಮೊದಲು ಪಿಪಿಒ (ಪಿಂಚಣಿ ಪಾವತಿ ಆದೇಶ) ತೆಗೆದು ಓದಿ, ಬ್ಯಾಂಕ್ ಪಾಸ್‌ಬುಕ್ ಅಲ್ಲ. ಪಾಸ್‌ಬುಕ್ಕಿನಲ್ಲಿ ಕಾಣುವುದು ಒಟ್ಟು ಮೊತ್ತ. ಸೇವಾ ಅಂಶ ಎಷ್ಟು, ಅಂಗವೈಕಲ್ಯದ ಅಂಶ ಎಷ್ಟು, ಯಾವ ಬಗೆಯ ಕುಟುಂಬ ಪಿಂಚಣಿ ಎಂಬುದು ಪಿಪಿಒ ಮತ್ತು ಅದರ ತಿದ್ದುಪಡಿ ಆದೇಶಗಳಲ್ಲಿರುತ್ತದೆ.

2. ರಕ್ಷಣಾ ಪಿಂಚಣಿಯ ಸ್ಪರ್ಶ್ ಪೋರ್ಟಲ್‌ನಿಂದ ಫಾರ್ಮ್ 16 ಮತ್ತು ಹನ್ನೆರಡೂ ತಿಂಗಳ ಪಿಂಚಣಿ ಚೀಟಿಗಳನ್ನು ಇಳಿಸಿಕೊಂಡು, ಆದಾಯ ತೆರಿಗೆ ಜಾಲತಾಣದ 26ಎಎಸ್ ಹಾಗೂ ಎಐಎಸ್ ಜೊತೆ ತಾಳೆ ಹಾಕಿ. ವಿನಾಯಿತಿ ಇರುವ ಹಣವನ್ನು ಫಾರ್ಮ್ 16ರಲ್ಲಿ ತೆರಿಗೆಯ ಆದಾಯ ಎಂದು ತೋರಿಸಿದ್ದರೆ, ರಿಟರ್ನಿಗೆ ಮೊದಲೇ ಸ್ಪರ್ಶ್‌ನಲ್ಲಿ ದೂರು ದಾಖಲಿಸಿ ಸರಿಪಡಿಸಿಕೊಳ್ಳಿ. ಅಂಕಿ ಹೊಂದದಿದ್ದರೆ ನೋಟಿಸಿಗೆ ನೀವೇ ದಾರಿ ಮಾಡಿಕೊಟ್ಟಂತೆ.

3. ಸರಿಯಾದ ಫಾರ್ಮ್ ಆರಿಸಿ. ಪಿಂಚಣಿ, ಬಡ್ಡಿ ಮಾತ್ರ ಇದ್ದವರಿಗೆ ಸಾಮಾನ್ಯವಾಗಿ ಐಟಿಆರ್–1 ಸಾಕು. ಕೃಷಿ ಆದಾಯ ₹5,000 ದಾಟಿದರೆ ಐಟಿಆರ್–2 ಬೇಕು, ಕ್ಯೂರಿಂಗ್‌ನಂಥ ವ್ಯಾಪಾರದ ಆದಾಯ ಸೇರಿದರೆ ಅದೂ ಸಾಲದು.

4. ವಿನಾಯಿತಿಯ ಹಣವನ್ನು ಬಿಟ್ಟುಬಿಡಬೇಡಿ, ವಿನಾಯಿತಿ ಎಂದೇ ತೋರಿಸಿ. ಫಾರ್ಮಿನ ವಿನಾಯಿತಿ ಆದಾಯದ ಪಟ್ಟಿಯಲ್ಲಿ ರಕ್ಷಣಾ ಪಡೆಗಳ ವೈದ್ಯಕೀಯ ಅಂಗವೈಕಲ್ಯ ಪಿಂಚಣಿ, ಶೌರ್ಯ ಪುರಸ್ಕೃತರ ಪಿಂಚಣಿ, ಮಡಿದ ಯೋಧರ ಕುಟುಂಬ ಪಿಂಚಣಿಗೆ ಬೇರೆ ಬೇರೆ ಆಯ್ಕೆಗಳಿವೆ.

5. ಒಆರ್‌ಒಪಿ (ಒಂದು ಶ್ರೇಣಿ, ಒಂದು ಪಿಂಚಣಿ) ಅಥವಾ ಬೇರೆ ಪರಿಷ್ಕರಣೆಯ ಬಾಕಿ ಹಣ ಒಂದೇ ವರ್ಷ ಬಂದಿದ್ದರೆ ಫಾರ್ಮ್ 10ಇ ಸಲ್ಲಿಸಿ. ಹಳೆಯ ವರ್ಷಗಳಿಗೆ ಸೇರಿದ ಹಣ ಈ ವರ್ಷದ ದರವನ್ನು ಏರಿಸಬಾರದು ಎಂಬ ಕಾರಣಕ್ಕೆ 89ನೇ ಸೆಕ್ಷನ್ ಪರಿಹಾರ ಕೊಡುತ್ತದೆ. 10ಇ ಮೊದಲು, ರಿಟರ್ನ್ ಆಮೇಲೆ. ಕ್ರಮ ತಪ್ಪಿದರೆ ಪರಿಹಾರ ತಿರಸ್ಕೃತವಾಗುತ್ತದೆ.

6. ತೆರಿಗೆ ಸೊನ್ನೆಯಾದರೂ, ತೆರಿಗೆಗೆ ಒಳಪಡುವ ಆದಾಯ ಹೊಸ ಪದ್ಧತಿಯಲ್ಲಿ ₹4 ಲಕ್ಷ ದಾಟಿದ್ದರೆ ರಿಟರ್ನ್ ಸಲ್ಲಿಸಲೇಬೇಕು. ಸಾಮಾನ್ಯವಾಗಿ ಜುಲೈ 31 ಕೊನೆಯ ದಿನ. ಹಳೆಯ ಪದ್ಧತಿ ಬೇಕೆಂದರೆ ಆ ದಿನದೊಳಗೇ ಆರಿಸಿಕೊಳ್ಳಬೇಕು. ಗೃಹಸಾಲದ ದೊಡ್ಡ ಬಡ್ಡಿ, ಉಳಿತಾಯ, ವಿಮೆ ಎಲ್ಲವೂ ಇದ್ದವರನ್ನು ಬಿಟ್ಟರೆ ಹೆಚ್ಚಿನ ಪಿಂಚಣಿದಾರರಿಗೆ ಹೊಸದೇ ಹಗುರ. ಇಲ್ಲಿ ಹೇಳಿದ ಸೈನಿಕರ ವಿನಾಯಿತಿಗಳು ಎರಡರಲ್ಲೂ ಸಿಗುತ್ತವೆ.

ಎಚ್ಚರ ವಹಿಸಬೇಕಾದ ಜಾಗ

ಅತಿ ಅಪಾಯಕಾರಿ ತಪ್ಪು ಲೆಕ್ಕದ್ದಲ್ಲ, ನಂಬಿಕೆಯದು. ಕಟ್ಟಿದ ತೆರಿಗೆಯನ್ನೆಲ್ಲ ವಾಪಸು ಕೊಡಿಸುತ್ತೇನೆ, ಬಂದದ್ದರಲ್ಲಿ ಇಷ್ಟು ಪಾಲು ಕೊಡಿ ಎನ್ನುವ ಮಧ್ಯವರ್ತಿಗಳಿದ್ದಾರೆ. ಅವರು ಮಾಡುವುದು ಸರಳ: ಸಾಮಾನ್ಯ ಸೇವಾ ಪಿಂಚಣಿಯನ್ನು ಅಂಗವೈಕಲ್ಯ ಪಿಂಚಣಿ ಎಂದು ತುಂಬುತ್ತಾರೆ, ಇಲ್ಲದ ಗೃಹಸಾಲ ತೋರಿಸುತ್ತಾರೆ. ಹಣ ಬರುವುದೂ ಉಂಟು, ಏಕೆಂದರೆ ರಿಟರ್ನನ್ನು ಮೊದಲು ನೋಡುವುದು ಗಣಕಯಂತ್ರ. ಪರಿಶೀಲನೆ ಆಮೇಲೆ. ಸುಳ್ಳು ಮಾಹಿತಿ ಎಂದು ಸಾಬೀತಾದರೆ ತಪ್ಪಿಸಿದ ತೆರಿಗೆಯ ಶೇ. 200ರಷ್ಟು ದಂಡ ಬೀಳಬಹುದು. ಆಗ ಮಧ್ಯವರ್ತಿ ಸಿಗುವುದಿಲ್ಲ, ರಿಟರ್ನಿನ ಹೊಣೆ ಪಿಂಚಣಿದಾರರದು. ಈಗಾಗಲೇ ಹೀಗೆ ಆಗಿದ್ದರೆ ನೋಟಿಸಿಗೆ ಕಾಯಬೇಡಿ. ಆಯಾ ನಿರ್ಧಾರಣಾ ವರ್ಷ (ಆದಾಯ ಬಂದ ಹಣಕಾಸು ವರ್ಷದ ಮರುವರ್ಷ) ಮುಗಿದು 48 ತಿಂಗಳವರೆಗೆ ಐಟಿಆರ್–ಯು ಎಂಬ ನವೀಕೃತ ರಿಟರ್ನ್ ನಮೂನೆಯಲ್ಲಿ ಹೆಚ್ಚುವರಿ ತೆರಿಗೆ ಕಟ್ಟಿ ಸರಿಪಡಿಸಿಕೊಳ್ಳಲು ಅವಕಾಶವಿದೆ.

ಕಟ್ಟಬೇಕಿಲ್ಲದ್ದನ್ನು ಕಟ್ಟಿದವರಿಗೂ ದಾರಿಯಿದೆ, ಆದರೆ ಅದು ಐಟಿಆರ್–ಯು ಅಲ್ಲ, ಅದರಲ್ಲಿ ಹಣ ವಾಪಸು ಕೇಳುವಂತಿಲ್ಲ. ಇದೇ ವರ್ಷದ ರಿಟರ್ನಾದರೆ ಡಿಸೆಂಬರ್ 31ರೊಳಗೆ ತಿದ್ದಿ ಸಲ್ಲಿಸಬಹುದು. ಅದೂ ಮುಗಿದಿದ್ದರೆ, ರಿಟರ್ನಿನ ಮೇಲೆ ಬಂದ ಇಂಟಿಮೇಶನ್ ಕೈಸೇರಿದ ಒಂದು ವರ್ಷದೊಳಗೆ 264ನೇ ಸೆಕ್ಷನ್ ಅಡಿಯಲ್ಲಿ ಆಯುಕ್ತರಿಗೆ ಅರ್ಜಿ ಹಾಕಬಹುದು. ರಿಟರ್ನನ್ನೇ ಸಲ್ಲಿಸದೆ ಟಿಡಿಎಸ್ ಹೋಗುತ್ತಲೇ ಇದ್ದ ಪ್ರಕರಣಗಳಲ್ಲಿ, 2024ರ ಅಕ್ಟೋಬರ್ 1ರ 11ನೇ ಸುತ್ತೋಲೆಯಂತೆ, ಆಯಾ ನಿರ್ಧಾರಣಾ ವರ್ಷ ಮುಗಿದ ಐದು ವರ್ಷದೊಳಗೆ ವಿಳಂಬ ಮನ್ನಾ ಕೋರಬಹುದು. ಅರ್ಜಿಯ ಜೊತೆ ಪಿಪಿಒ ಪ್ರತಿ, ಬಿಡುಗಡೆಯ ವೈದ್ಯಕೀಯ ಮಂಡಳಿಯ ವರದಿ ಅಥವಾ ಸೇನಾ ಮುಖ್ಯಾಲಯದ ಪ್ರಮಾಣಪತ್ರ ಇರಲಿ. ಈ ಕಾಗದಗಳು ಮನೆಯಲ್ಲಿಲ್ಲದಿದ್ದರೆ ರೆಜಿಮೆಂಟಿನ ದಾಖಲೆ ಕಚೇರಿಗೆ ಬರೆದು ತರಿಸಿಕೊಳ್ಳಬೇಕು. ಅದಕ್ಕೆ ತಿಂಗಳುಗಳೇ ಹಿಡಿಯಬಹುದು, ಆದ್ದರಿಂದ ಪತ್ರವನ್ನು ಈಗಲೇ ಬರೆಯಿರಿ. ಎಲ್ಲಿಂದ ಆರಂಭಿಸಬೇಕೆಂದು ತೋಚದ ಕುಟುಂಬಗಳಿಗೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ಆ ಪತ್ರ ಬರೆಯಲು ನೆರವು ಕೇಳಬಹುದು.